ನಿಮಗಿದು ಗೊತ್ತೆ? ಮುತ್ತಜ್ಜನ ಹೆಸರು ತಾಲ್ಲೂಕು ಕಚೇರಿಯಲ್ಲಿದ್ದೀತು

ಇಂಗ್ಲೆಂಡಿನಲ್ಲಿ ವಂಶದ ಮೂಲ ಹುಡುಕುವವರು ಊರ ಚರ್ಚಿನ ಪುಸ್ತಕ ತೆರೆಯುತ್ತಾರೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಅಲ್ಲಿನ ಚರ್ಚುಗಳಿಗೆ 1538ರಲ್ಲೇ ಆಜ್ಞೆಯಾಗಿತ್ತು. ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1837ರಲ್ಲಿ.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ರೈತ ಮನೆತನಗಳಿಗೆ ಜಮೀನಿನ ಕಾಗದವೇ ಅಂಥ ಪುಸ್ತಕ. ಖಾತೆದಾರರು ತೀರಿಕೊಂಡು ಪೌತಿ ಖಾತೆಯಾದಾಗ ಮ್ಯುಟೇಷನ್ ರಿಜಿಸ್ಟರಿನಲ್ಲಿ ಸತ್ತವರ ಹೆಸರು, ವಾರಸುದಾರರ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಒಟ್ಟಿಗೆ ಸಿಗುತ್ತವೆ. ಇಂದಿನ ಪಹಣಿಯಲ್ಲಿರುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರು ಹಿಡಿದು ಹಿಂದಿನ ನಮೂದು ತೆಗೆಸಿದರೆ ಅಪ್ಪನಿಂದ ಅಜ್ಜ, ಅಜ್ಜನಿಂದ ಮುತ್ತಜ್ಜ ಎಂದು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬಹುದು. ಕೈಬರಹದ ಹಳೆಯ ಪಹಣಿಗಳನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೇಳಬೇಕು.

ಆದರೆ ಹಳೆಯ ಖಾತೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಅಪರೂಪ. ತುಂಡು ಭೂಮಿಯೂ ಇಲ್ಲದವರ ಪೂರ್ವಿಕರು ಅಲ್ಲಿ ಸಿಗುವುದೇ ಇಲ್ಲ. ಇದು ನೋವಿನ ಕೊರತೆ. ಇಂಥವರಿಗೆ ಹಳ್ಳಿ ಶಾಲೆಯ ದಾಖಲಾತಿ ಪುಸ್ತಕ ದೊಡ್ಡ ಆಸರೆ: ಮಗುವಿನ ಜನ್ಮದಿನಾಂಕ, ತಂದೆಯ ಹೆಸರು ಅದರಲ್ಲಿರುತ್ತವೆ.

ಇನ್ನೂ ಹಿಂದಿನ ಹೆಸರುಗಳು ಕಲ್ಲಿನಲ್ಲಿವೆ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ' ಮೂರನೆಯ ಸಂಪುಟದಲ್ಲಿ ಎರಡೂ ತಾಲ್ಲೂಕುಗಳ ಶಾಸನಗಳಿವೆ. 13ನೇ ಶತಮಾನದಲ್ಲಿ ಸೋಮನಾಥಪುರದ ಕೇಶವ ದೇವಾಲಯ ಕಟ್ಟಿಸಿದ ಸೋಮನಾಥ ದಂಡನಾಯಕನ ವಿಷಯ ತಿಳಿದದ್ದೂ ಶಾಸನಗಳಿಂದಲೇ. ದಾನ ಕೊಟ್ಟವರು, ಪಡೆದವರು, ಕಾಳಗದಲ್ಲಿ ಮಡಿದವರು ಯಾರ ಮಗ, ಯಾವ ಊರಿನವರು ಎಂಬ ವಿವರ ಎಷ್ಟೋ ಕಲ್ಲುಗಳಲ್ಲಿದೆ. ಸಂಪುಟದಲ್ಲಿ ತಾಲ್ಲೂಕುವಾರು ಕ್ರಮಸಂಖ್ಯೆ ಇರುವುದರಿಂದ ನಿಮ್ಮೂರಿನ ಶಾಸನ ಹುಡುಕುವುದು ಕಷ್ಟವಲ್ಲ.