ಬೇಲಿಯ ಬಳ್ಳಿಯೂ ರಾಜ್ಯದ ಚಿಟ್ಟೆಯೂ

ರಾಜ್ಯಕ್ಕೊಂದು ಹಕ್ಕಿ, ಒಂದು ಮರ, ಒಂದು ಹೂವು ಇರುವಂತೆ ಈಗ ಚಿಟ್ಟೆಯೂ ಉಂಟು. ಮೊದಲು ಆರಿಸಿದ್ದು ಮಹಾರಾಷ್ಟ್ರ. 2015ರಲ್ಲಿ ಅದು ಬ್ಲೂ ಮಾರ್ಮನ್ ಎಂಬ ಕಪ್ಪು ನೀಲಿ ಚಿಟ್ಟೆಯನ್ನು ಹಿಡಿಯಿತು. ಕೇರಳ 2018ರಲ್ಲಿ ಬುದ್ಧಮಯೂರಿಯನ್ನೂ ನಮ್ಮ ತಮಿಳುನಾಡು 2019ರಲ್ಲಿ 'ತಮಿಳ್ ಮರವನ್' ಚಿಟ್ಟೆಯನ್ನೂ ಆರಿಸಿದುವು. ಕರ್ನಾಟಕದ್ದು ಸದರನ್ ಬರ್ಡ್‌ವಿಂಗ್. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಕಂಬಂ ಕಣಿವೆಯ ನಮಗೆ ಈ ಕೊನೆಯ ಎರಡೂ ನೆಂಟರೇ.

ಚಿಟ್ಟೆಯಿಂದ ರೈತನಿಗೇನು ಎಂದು ಕೇಳಬಹುದು. ಚಿಟ್ಟೆ ಹಲವು ಹೂವುಗಳ ಮಧುವನ್ನು ಕುಡಿದೀತು. ಮೊಟ್ಟೆಯನ್ನು ಮಾತ್ರ ತನ್ನ ಮರಿ ತಿನ್ನುವ ಗಿಡವನ್ನೇ ಹುಡುಕಿ ಇಡುತ್ತದೆ. ಕಿತ್ತಳೆ ಬಣ್ಣದ ಮರವನ್ ಚಿಟ್ಟೆಗೆ ಗರುಡಫಲದ ಮರ ಬೇಕು. ಕುಮಿಳಿ ಘಾಟಿ ಹತ್ತಿ ಏಲಕ್ಕಿ ತೋಟಕ್ಕೆ ಹೋಗುವವರು ಇದನ್ನು 'ಮರೋಟ್ಟಿ' ಎಂದು ಕೇಳಿರಬಹುದು. ಹಿಂದೆ ಇದರ ಬೀಜದೆಣ್ಣೆ ಕುಷ್ಠಕ್ಕೆ ಮದ್ದಾಗಿತ್ತು. ಬರ್ಡ್‌ವಿಂಗಿಗೆ ಈಶ್ವರಿ ಬಳ್ಳಿಯ ಜಾತಿಯೇ ಆಗಬೇಕು. 1932ರಲ್ಲಿ ಅಳೆದ ಒಂದರ ರೆಕ್ಕೆಯ ಹರವು 190 ಮಿಲಿಮೀಟರ್. 2020ರವರೆಗೆ ಭಾರತದಲ್ಲಿ ಅದಕ್ಕಿಂತ ದೊಡ್ಡ ಚಿಟ್ಟೆಯ ದಾಖಲೆ ಇರಲಿಲ್ಲ. ಬಳ್ಳಿಯ ವಿಷವನ್ನು ಹುಳು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ.

ಸರಕಾರ ಚಿಟ್ಟೆಗೆ ಪಟ್ಟ ಕಟ್ಟಿದರೂ ಅದರ ಅನ್ನ ನಮ್ಮ ಕುಡುಗೋಲಿನ ಬಾಯಲ್ಲಿದೆ. ಕಳೆದ ಬೇಸಗೆಯಲ್ಲಿ ಬೇಲಿ ಸವರುವಾಗ ಕಳೆಯೆಂದು ಈಶ್ವರಿ ಬಳ್ಳಿಯನ್ನು ಬುಡಸಹಿತ ಕಿತ್ತವನು ನಾನೇ. ಶಾಲೆಯ ಕಪ್ಪುಹಲಗೆಯ ಮೇಲೆ ಚಿಟ್ಟೆಯ ಜೀವನಚಕ್ರ ಬರೆಯುವವನೂ ನಾನೇ! ಹಾವಿನ ವಿಷಕ್ಕೆ ಮದ್ದೆಂದು ಇದರ ಬೇರು ಕೀಳುವವರೂ ಇದ್ದಾರೆ. ಅದು ತಪ್ಪು, ಹಾವು ಕಚ್ಚಿದರೆ ಆಸ್ಪತ್ರೆಗೇ ಓಡತಕ್ಕದ್ದು. ಈ ಬಳ್ಳಿಯನ್ನು ಹೊಟ್ಟೆಗೆ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಕೇಡು.

ನಿಂಬೆ ಬೆಳೆಯುವವರಿಗೆ ಇನ್ನೊಂದು ಮಾತು. ಬ್ಲೂ ಮಾರ್ಮನ್ನಿನ ಮರಿಯೂ ಅದರ ದಾಯಾದಿ ನಿಂಬೆ ಚಿಟ್ಟೆಯ ಮರಿಯೂ ನಿಂಬೆಯ ಎಲೆಯನ್ನೇ ಮೇಯುತ್ತವೆ. ಎಳೆಯ ಹುಳು ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ಬಲಿತದ್ದು ಹಸಿರು. ಸಸಿಮಡಿಯಲ್ಲಿ ಹೆಚ್ಚಾದರೆ ನಷ್ಟವೇ. ಆದರೆ ನಾಲ್ಕು ಹುಳುವಿಗೆ ತೋಟಕ್ಕೆಲ್ಲ ವಿಷ ಹೊಡೆಯಬೇಡಿ. ಕೈಯಿಂದ ಆಯ್ದು ಹಳೆಯ ನಿಂಬೆ ಮರಕ್ಕೆ ಬಿಡಿ, ಮರ ತಾಳಿಕೊಳ್ಳುತ್ತದೆ. ಮುಟ್ಟಿದಾಗ ಕೊಂಬು ಚಾಚಿ ನಾರುತ್ತದೆ, ಹೆದರಬೇಕಿಲ್ಲ.

ಈಶ್ವರಿ ಬಳ್ಳಿಯ ಕಾಯಿ ಒಣಗಿದಾಗ ತೂಗುಬುಟ್ಟಿಯಂತೆ ಬಿರಿಯುತ್ತದೆ. ಬೀಜ ಗಾಳಿಗೆ ಹಾರುವ ಮೊದಲೇ ಆಯ್ದುಕೊಂಡು ಮಳೆಯ ಹೊತ್ತಿಗೆ ಬೇಲಿಯ ಬುಡದಲ್ಲಿ ಊರಬೇಕು. ನೆರೆಯವರ ಬೇಲಿಯಿಂದ ಒಂದು ಹಿಡಿ ತಂದಿಟ್ಟಿದ್ದೇನೆ.