ಬಿಲ, ಗುಹೆ, ಗ್ರೊಟ್ಟೊ, ಸುರಂಗ

ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದವರು ಬಿಲದ್ವಾರವೆಂಬ ಗುಹೆಯೊಳಗೆ ಒಮ್ಮೆ ಬಗ್ಗಿ ನುಸುಳದೆ ಮರಳುವುದು ಕಡಿಮೆ. ಗರುಡನ ಕಣ್ಣು ತಪ್ಪಿಸಿ ವಾಸುಕಿ ಇಲ್ಲಿಯೇ ಅವಿತಿದ್ದನೆನ್ನುತ್ತದೆ ಸ್ಥಳಪುರಾಣ. ಊರ ದೇವರಿಗೂ ಗುಹ ಎಂಬ ಹೆಸರಿದೆ. ಸಂಸ್ಕೃತದ 'ಗುಹ್' ಧಾತುವಿಗೆ ಅಡಗಿಸು, ಮರೆಮಾಡು ಎಂದರ್ಥ. ಗುಹೆ, ಗುಹ್ಯ, ಗೂಢ ಎಲ್ಲವೂ ಅದರ ಸಂತಾನ. ಅಂದರೆ ಗುಹೆ ಎಂಬ ಪದ ಹುಟ್ಟಿದ್ದು ಬಂಡೆಯ ಪೊಳ್ಳನ್ನು ನೋಡಿ ಅಲ್ಲ, ಅಲ್ಲಿ ಅಡಗಬಹುದೆಂಬುದನ್ನು ನೋಡಿ. ಪುತ್ತೂರು–ಕಾಸರಗೋಡು ಗಡಿಯ ನೆಟ್ಟಣಿಗೆ ಸೀಮೆಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶಿಸುವ ಜಾಂಬ್ರಿ ಗುಹೆಗೆ ಈ ಅರ್ಥ ಇನ್ನೂ ಚೆನ್ನಾಗಿ ಒಪ್ಪುತ್ತದೆ.

'ಕುಕ್ಕೆ' ಬಂದದ್ದೇ ಗುಹೆಯ ಅರ್ಥದ 'ಕುಕ್ಷಿ'ಯಿಂದ ಎನ್ನುವವರಿದ್ದಾರೆ. ಅಲ್ಲ, ಅದು ಬುಟ್ಟಿಯೆಂಬ ಅರ್ಥದ ಕುಕ್ಕೆಯೇ ಎನ್ನುವವರೂ ಇದ್ದಾರೆ. ಕುಕ್ಷಿಗೆ ಮೊದಲ ಅರ್ಥ ಹೊಟ್ಟೆ. ಹಾಗಾಗಿ ಬುಟ್ಟಿಯ ಪಕ್ಷವೇ ತುಸು ಸಹಜವೆನಿಸುತ್ತದೆ.

ಗುಹೆಯ ಹೆಸರಿಗೆ ಅಡಗುವ ಅರ್ಥ ಅಂಟಿದ್ದು ಲ್ಯಾಟಿನ್ನಿನಿಂದ ಒಡೆದ ಭಾಷೆಗಳಲ್ಲೂ ಇದೆ. ಗ್ರೀಕರಲ್ಲಿ ಅಡಗಿದ ಜಾಗಕ್ಕೆ 'ಕ್ರುಪ್ತೇ' ಎನ್ನುತ್ತಿದ್ದರು. ಲ್ಯಾಟಿನ್ನಿನಲ್ಲಿ 'ಕ್ರಿಪ್ಟ' ಆದ ಅದು ಜನರ ಬಾಯಲ್ಲಿ ಸವೆದು ಇಟಲಿಯಲ್ಲಿ 'ಗ್ರೊಟ್ಟ' ಆಯಿತು. ಅಲ್ಲಿಂದ ಫ್ರೆಂಚಿಗೆ 'ಗ್ರೊತ್', ಸ್ಪ್ಯಾನಿಷಿಗೆ 'ಗ್ರುತ'. ಇನ್ನೊಂದು ಕವಲು ಪೊಳ್ಳು ಎಂಬ ಅರ್ಥದ 'ಕವುಸ್'ನದು: ಸ್ಪೇನಿನಲ್ಲಿ 'ಕುಯೇವ', ಕೆಟಲಾನ್ ನುಡಿಯಲ್ಲಿ 'ಕೋವ'. ಫ್ರೆಂಚರ 'ಕಾವ್' ಮಾತ್ರ ಬೆಟ್ಟ ಬಿಟ್ಟು ಮನೆಯ ನೆಲಮಾಳಿಗೆ ಸೇರಿತು. ರೊಮೇನಿಯನ್ನರು ಇವೆರಡನ್ನೂ ಬದಿಗಿಟ್ಟು, ನೆರೆಯ ಸ್ಲಾವ್ ಜನರಿಂದ 'ಪೆಷ್ಟೆರ' ಎಂಬ ಪದವನ್ನೇ ಕಡ ತಂದರು.

1480ರ ಹೊತ್ತಿಗೆ ರೋಮಿನಲ್ಲಿ ಮಣ್ಣಡಿ ಹೂತಿದ್ದ ನೀರೋ ಚಕ್ರವರ್ತಿಯ ಅರಮನೆಯೊಳಗೆ ಜನ ಇಳಿದಾಗ ಕೋಣೆಗಳು ಗ್ರೊಟ್ಟಗಳಂತೆಯೇ ಕಂಡವು. ಅಲ್ಲಿನ ಗೋಡೆಗಳ ಮೇಲಿದ್ದ ವಿಚಿತ್ರ ಚಿತ್ರಗಳಿಂದ ಹುಟ್ಟಿದ ಮಾತೇ 'ಗ್ರೊಟೆಸ್ಕ್'.

ಪುತ್ತೂರಿಗೆ ಈ ನುಡಿಬಳಗ ಅಪರಿಚಿತವಲ್ಲ. ಪೇಟೆಯ ಚರ್ಚಿನ ಹೆಸರು ಮಾಯ್ ದೆ ದೇವುಸ್. ಪೋರ್ಚುಗೀಸಿನಲ್ಲಿ ಹಾಗೆಂದರೆ ದೇವಮಾತೆ. ಕರಾವಳಿಯ ಹಲವು ಚರ್ಚುಗಳ ಅಂಗಳದಲ್ಲಿ ಮರಿಯಮ್ಮನ ಪ್ರತಿಮೆಗೆಂದು ಕಟ್ಟಿದ ಕಲ್ಲಿನ ಗವಿಗೆ ಗ್ರೊಟ್ಟೊ ಎನ್ನುತ್ತಾರೆ. ಫ್ರಾನ್ಸಿನ ಲೂರ್ದ್‌ನ ಗುಹೆಯಲ್ಲಿ 1858ರಲ್ಲಿ ಮರಿಯಮ್ಮನ ದರ್ಶನವಾಯಿತೆಂಬ ನಂಬಿಕೆ ಅದಕ್ಕೆ ಮೂಲ.

ಆದರೆ ಪುತ್ತೂರು, ಸುಳ್ಯ ಕಡೆಯ ಅಡಿಕೆ ಬೆಳೆಗಾರರ ನಿತ್ಯದ ಮಾತು ಸುರಂಗ. ಅದೂ ಗ್ರೀಕಿನದೇ ಎನ್ನುತ್ತಾರೆ ಹಲವು ಭಾಷಾಶಾಸ್ತ್ರಜ್ಞರು. ಕೊಳವೆ, ಕೊಳಲು, ನೆಲದಡಿಯ ದಾರಿ ಎಂಬ ಅರ್ಥಗಳಿದ್ದ 'ಸುರಿಂಕ್ಸ್' ಸಂಸ್ಕೃತಕ್ಕೆ 'ಸುರುಂಗಾ' ಆಗಿ ಬಂತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆ ಪದವಿದೆ. ಪಡುವಣಕ್ಕೆ ಹೋದ ಅದೇ ಗ್ರೀಕ್ ಪದ ಇಟಲಿಯಲ್ಲಿ 'ಸಿರಿಂಗ', ಫ್ರೆಂಚಿನಲ್ಲಿ 'ಸೆರಾಂಗ್', ಡಾಕ್ಟರರ ಕೈಯಲ್ಲಿ ಸಿರಿಂಜ್. ಸೂಜಿಯ ಹಿಂದಿನ ಕೊಳವೆಗೂ ಗುಡ್ಡದೊಳಗಿನ ಕೊಳವೆಗೂ ಹೆಸರು ಒಂದೇ ಬೇರಿನದು!

ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬಾಳು ನಡೆಯುವಷ್ಟೇ ಜಾಗ ಬಿಟ್ಟು, ಒರತೆ ಸಿಗುವ ತನಕ ಕೊರೆಯುತ್ತ ಹೋಗುವುದು ಇಲ್ಲಿನ ಕ್ರಮ. ಒಳಗೆ ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಬರಬೇಕು. ನೆಲ ಹೊರಬದಿಗೆ ತುಸು ಇಳಿಜಾರಾಗಿರುವುದರಿಂದ ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಅದನ್ನು ಹಿಂದೆ ಅಡಿಕೆ ಮರದ ದಂಬೆಗಳಲ್ಲಿ ಮನೆಗೂ ತೋಟಕ್ಕೂ ಹಾಯಿಸುತ್ತಿದ್ದರು. ನೆರೆಯ ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಮುಗಿಸಿ ಬಂದು ಒಬ್ಬರೇ ಕೊರೆದ ಸುರಂಗಗಳು ಒಂದರ ಹಿಂದೊಂದು ಬರಿದಾಗಿದ್ದವು. ಪಟ್ಟುಬಿಡದೆ ಕೊರೆದು, ಕೊನೆಗೆ ಸಿಕ್ಕ ನೀರಿನಿಂದ ಅವರು ಬೋಳುಗುಡ್ಡದಲ್ಲಿ ಎಬ್ಬಿಸಿದ ತೋಟಕ್ಕೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು.