ಗುರ್ಕಾರರು ಬಂದಿದ್ದಾರೆ

ಸವಣೂರು ಎಂದಾಕ್ಷಣ ಹೆಚ್ಚಿನವರಿಗೆ ಹಾವೇರಿ ಕಡೆಯ ನವಾಬರ ಊರು ನೆನಪಾಗುತ್ತದೆ. ನಮ್ಮದು ಅದಲ್ಲ. ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಪೇಟೆ ನಮ್ಮ ಸವಣೂರು. ಕಾಗದದ ಮೇಲೆ ಈಗ ಕಡಬ ತಾಲ್ಲೂಕು. ಬಟ್ಟೆಗೆ, ಆಸ್ಪತ್ರೆಗೆ, ಕಾಲೇಜಿಗೆ ಜನ ಹತ್ತುವುದು ಮಾತ್ರ ಇಂದಿಗೂ ಪುತ್ತೂರಿನ ಬಸ್ಸನ್ನೇ.

ಈ ಸೀಮೆಯಲ್ಲಿ ಮನೆಗಳು ಬೀದಿ ಹಿಡಿದು ಸಾಲಾಗಿ ನಿಂತಿಲ್ಲ. ಪಕ್ಕದ ಮನೆಯ ನಾಯಿ ಬೊಗಳಿದ್ದು ಕೇಳುತ್ತದೆ, ಮನೆ ಕಾಣುವುದಿಲ್ಲ. ನಡುವೆ ಒಂದು ಅಡಿಕೆ ತೋಟ, ತೋಟದಂಚಿಗೆ ತೋಡು, ತೋಡಿಗೊಂದು ಕಾಲುಸಂಕ, ಅದನ್ನು ದಾಟಿದರೆ ರಬ್ಬರ್ ಗುಡ್ಡೆ. ಇಂಥ ಊರುಗಳಲ್ಲಿ ಇಗರ್ಜಿಯ ಗಂಟೆ ಎಷ್ಟು ಜೋರಾಗಿ ಬಾರಿಸಿದರೂ ಎಲ್ಲ ಮನೆಗಳಿಗೆ ಮುಟ್ಟುವುದಿಲ್ಲ. ಮಳೆಗಾಲದಲ್ಲಂತೂ ಹಂಚಿನ ಮೇಲೆ ಬೀಳುವ ನೀರಿನ ಸದ್ದಿಗೆ ಎದುರು ಕೂತವರ ಮಾತೇ ಕೇಳಿಸದು. ಹಾಗಿದ್ದೂ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾರ ಮಗಳಿಗೆ ಸಂಬಂಧ ಕೂಡಿತು, ಯಾರ ಅಡುಗೆಮನೆಯಲ್ಲಿ ಅಕ್ಕಿ ಮುಗಿದಿದೆ ಎಂಬುದು ಚರ್ಚಿನ ಫಾದರಿಗೆ ವಾರದೊಳಗೆ ಗೊತ್ತಾಗಿರುತ್ತದೆ. ಅದರ ಹಿಂದೆ ಇರುವವರು ಗುರ್ಕಾರರು.

ಕರಾವಳಿಯ ಕಥೊಲಿಕ ಚರ್ಚುಗಳಲ್ಲಿ ಒಂದು ಧರ್ಮಕೇಂದ್ರವನ್ನು ಹಲವು ವಾರ್ಡುಗಳಾಗಿ ಹಂಚಿರುತ್ತಾರೆ. ಕೊಂಕಣಿಯಲ್ಲಿ ಅದು ವಾಡೊ, ಕನ್ನಡದ ಆಮಂತ್ರಣ ಪತ್ರಗಳಲ್ಲಿ ವಾಳೆ. ಒಂದೊಂದು ವಾಳೆಗೆ ಹತ್ತಾರು ಮನೆಗಳು, ಆ ಮನೆಗಳಿಗೊಬ್ಬ ಗುರ್ಕಾರ. ಸಂಬಳವಿಲ್ಲ, ನಿಲುವಂಗಿಯಿಲ್ಲ, ದೇವಶಾಸ್ತ್ರದ ಓದೂ ಬೇಕಿಲ್ಲ. ವಾರದ ಆರು ದಿನ ಅವರು ಅಡಿಕೆ ಸುಲಿಸುವ ಕೃಷಿಕರೋ, ರಿಕ್ಷಾ ಚಾಲಕರೋ, ನಿವೃತ್ತ ಮೇಷ್ಟ್ರೋ ಆಗಿರುತ್ತಾರೆ.

ಹೆಸರೇ ಅರ್ಧ ಕಥೆ ಹೇಳುತ್ತದೆ. ಚರ್ಚಿಗೆ ಹೇಳುವ ಇಗರ್ಜಿ ಎಂಬ ಮಾತು ಪೋರ್ಚುಗೀಸರಿಂದ ಬಂತು. ಧರ್ಮಕೇಂದ್ರಕ್ಕೆ ಹೇಳುವ ಫಿರ್ಗಜ್ ಎಂಬುದೂ ಅಲ್ಲಿಯದೇ. ಗುರ್ಕಾರ ಎಂಬ ಪದ ಮಾತ್ರ ಹಡಗಿನಲ್ಲಿ ಬಂದದ್ದಲ್ಲ. ತುಳುನಾಡಿನಲ್ಲಿ ಜಾತಿಗೊಬ್ಬ, ಕೂಡುಕಟ್ಟಿಗೊಬ್ಬ ಗುರಿಕಾರ ಇರುವುದು ಹಳೆಯ ಪದ್ಧತಿ. ಗರಡಿಯಲ್ಲಿ ಗುರಿಕಾರರಿದ್ದಾರೆ. ಹವ್ಯಕರ ವಲಯಗಳಲ್ಲಿ ಗುರಿಕ್ಕಾರರಿದ್ದಾರೆ. ಸಾವಿನ ಸುದ್ದಿ ಮುಟ್ಟಿಸುವುದು, ಮದುವೆಯ ಮಾತಿಗೆ ಕೂರುವುದು, ಬೇಲಿ ಜಗಳ ಪೊಲೀಸ್ ಠಾಣೆಗೆ ಹೋಗದಂತೆ ತಡೆಯುವುದು ಅವರ ಕೆಲಸ. ದೇವರನ್ನು ಹೊರಗಿನಿಂದ ಬರಮಾಡಿಕೊಂಡವರು ಊರು ನಡೆಸುವ ಕ್ರಮವನ್ನು ಇಲ್ಲಿಯದನ್ನೇ ಇಟ್ಟುಕೊಂಡರು. ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಗುರ್ಕಾರರಿಗೆ ಇಂದಿಗೂ ಮರ್ಯಾದೆಯ ಜಾಗವಿದೆ. ಅವರನ್ನು ಕರೆಯುವುದು ಮರೆತರೆ ಏನಾಗುತ್ತದೆಂದು ಮರೆತವರೇ ಹೇಳಬೇಕು.

ಈ ಮರ್ಯಾದೆಗೆ ಚರಿತ್ರೆಯ ಕಾರಣವೂ ಇರಬೇಕೆಂದು ನನಗನ್ನಿಸುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಬದುಕಿ ಉಳಿದವರು ಹಿಂದಿರುಗಿದ್ದು 1799ರ ನಂತರ. ಇಗರ್ಜಿಗಳು ನೆಲಸಮವಾಗಿದ್ದವು, ಜಮೀನು ಯಾರದೋ ಕೈಯಲ್ಲಿತ್ತು, ಪಾದ್ರಿಗಳು ಬೆರಳೆಣಿಕೆಯಷ್ಟು. ಅಂಥ ಹೊತ್ತಿನಲ್ಲಿ ಸಭೆಯನ್ನು ಹಿಡಿದಿಟ್ಟವರು ಮನೆಯ ಹಿರಿಯರಲ್ಲದೆ ಬೇರೆ ಯಾರಿರಲು ಸಾಧ್ಯ? ಪುತ್ತೂರಿನಲ್ಲಿ ಮಾಯ್ ದೆ ದೇವುಸ್ ಚರ್ಚು ಎದ್ದದ್ದು 1830ರಲ್ಲಿ. ದೇವಮಾತೆ ಎಂಬುದರ ಪೋರ್ಚುಗೀಸ್ ರೂಪ ಅದು. ಊರಿನ ನಾಲಿಗೆಯಲ್ಲಿ ಸವೆದು ಈಗ ಪುತ್ತೂರಿನ ಒಂದು ಗುರುತೇ ಆಗಿಬಿಟ್ಟಿದೆ. ಮಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು ಅದಾಗಿ ಅರ್ಧ ಶತಮಾನ ಕಳೆದ ಮೇಲೆ.

ಇಂದಿನ ಚರ್ಚಿನಲ್ಲಿ ಫಾದರ್ ಅಧ್ಯಕ್ಷರಾಗಿರುವ ಪಾಲನಾ ಮಂಡಳಿ ಇರುತ್ತದೆ. ಅದಕ್ಕೆ ಜನರೇ ಆರಿಸಿದ ಉಪಾಧ್ಯಕ್ಷರು, ಕಾರ್ಯದರ್ಶಿ, 21 ಆಯೋಗಗಳ ಸಂಯೋಜಕರು. ಹಬ್ಬದ ಆಮಂತ್ರಣ ಪತ್ರಿಕೆಯ ಕೆಳಗೆ ಸಾಲಾಗಿ ಬರುವ ಈ ಹುದ್ದೆಗಳನ್ನು ಓದುವಾಗ ನನಗೆ ಸಹಕಾರಿ ಸಂಘದ ವಾರ್ಷಿಕ ವರದಿ ನೆನಪಾಗುವುದುಂಟು. ಆದರೆ ಆ ಪಟ್ಟಿಯ ಕಾಲಾಳು ಗುರ್ಕಾರನೇ. ಫಾದರಿಗೆ ಆರೇಳು ವರ್ಷಕ್ಕೊಮ್ಮೆ ವರ್ಗಾವಣೆ. ಅವರು ಮನೆಗಳ ದಾರಿ ಕಲಿಯುವಷ್ಟರಲ್ಲಿ ಬಿಷಪರ ಪತ್ರ ಬಂದಿರುತ್ತದೆ. ಚರ್ಚಿನಲ್ಲಿ ಸ್ವಾಗತ ಹೇಳುವವರು ಫಾದರ್ ಎಂದು ನಾವು ತಿಳಿದಿದ್ದೇವೆ. ಒಂದು ಲೆಕ್ಕದಲ್ಲಿ ಫಾದರೇ ಊರಿಗೆ ಬಂದ ನೆಂಟರು, ಗುರ್ಕಾರರು ಮನೆಯವರು.

ಗುರ್ಕಾರರ ಕೆಲಸ ನೋಡಬೇಕಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಬರಬೇಕು. ಕನ್ಯಾ ಮರಿಯಮ್ಮನ ಹುಟ್ಟುಹಬ್ಬ ಅದು. ಫರಂಗಿಪೇಟೆಯ ಮೊಂತಿ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಜೋಕಿಂ ಮಿರಾಂದ ಎಂಬ ಗೋವೆಯ ಪಾದ್ರಿ ಆರಂಭಿಸಿದರೆಂಬುದು ಪ್ರತೀತಿ. ಮಕ್ಕಳು ಒಂಬತ್ತು ದಿನ ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಕೊನೆಯ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ. ಮನೆಗೆ ಒಯ್ದ ತೆನೆಯಿಂದ ಕಾಳು ಬಿಡಿಸಿ, ಪುಡಿ ಮಾಡಿ, ಪಾಯಸಕ್ಕೋ ಹಾಲಿಗೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಡಿಯುತ್ತಾರೆ. ಮೀನು ಮಾಂಸ ಬಿಟ್ಟು ಮೂರೋ ಐದೋ ಏಳೋ ಬಗೆಯ ತರಕಾರಿ ಪದಾರ್ಥಗಳು. ಲೆಕ್ಕ ಬೆಸವೇ ಆಗಬೇಕು. ಪಕ್ಕದ ಬಂಟರ ಮನೆಯಲ್ಲಿ, ಗೌಡರ ಮನೆಯಲ್ಲಿ ಕೊರಲು, ಅಂದರೆ ತೆನೆ, ಕಟ್ಟಿ ಹೊಸ ಅಕ್ಕಿ ಊಟ ಮಾಡುವುದಕ್ಕೂ ಇದಕ್ಕೂ ಎಷ್ಟು ದೂರ? ಒಂದು ತೋಡಿನಷ್ಟು.

ಈಗ ತೆನೆಗೇ ತತ್ವಾರ. ಗದ್ದೆಗಳೆಲ್ಲ ಅಡಿಕೆ ತೋಟಗಳಾಗಿವೆ, ಗುಡ್ಡೆಗಳಲ್ಲಿ ರಬ್ಬರ್. ಇಡೀ ಫಿರ್ಗಜಿನಲ್ಲಿ ಭತ್ತ ಬೆಳೆಯುವ ಮನೆ ಒಂದೋ ಎರಡೋ. ಆ ಗದ್ದೆ ಇಂಥದೇ ಮತದವರದ್ದಾಗಬೇಕೆಂಬ ನಿಯಮವಿಲ್ಲ. ತೆನೆ ತಂದು, ಕಟ್ಟು ಮಾಡಿ, ಮನೆಗಿಷ್ಟೆಂದು ಎಣಿಸುವುದು ವಾಳೆಯವರ ಪಾಲಿನ ಕೆಲಸ. ಮಂಡಿನೋವಿನಿಂದ ಜಗಲಿ ಇಳಿಯಲಾಗದ ಅಜ್ಜಿಯ ಮನೆಗೆ ಪೂಜೆ ಮುಗಿದ ಮೇಲೆ ಗುರ್ಕಾರರೇ ತೆನೆ ಒಯ್ಯುತ್ತಾರೆ. ಅಜ್ಜಿಯ ಮಗ ಕುವೈತಿನಲ್ಲಿ, ಮಗಳು ಇಸ್ರೇಲಿನಲ್ಲಿ ಯಾರದೋ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾಳೆ. ವಾಳೆಯ ಅರ್ಧ ಮನೆಗಳು ಈಗ ಹೀಗೇ. ಚರ್ಚಿನ ಸೇವೆ ಎಂದರೆ ಮೊದಲೆಲ್ಲ ಅಕ್ಕಿ, ಬಟ್ಟೆ, ಫೀಸು ಎಂದಿತ್ತು. ಇವತ್ತು ದೊಡ್ಡ ಟೈಲ್ಸ್ ಮನೆಯಲ್ಲಿ ಒಬ್ಬರೇ ಕೂತಿರುವವರ ಜೊತೆ ಅರ್ಧ ಗಂಟೆ ಮಾತಾಡಿ ಬರುವುದು ಅದಕ್ಕಿಂತ ಕಷ್ಟದ ಸೇವೆ. ಕೆಲವು ಮನೆಗಳ ಬೀಗದ ಎರಡನೇ ಕೈ ಗುರ್ಕಾರರ ಗೋಡೆಯ ಮೊಳೆಯಲ್ಲಿ ತೂಗುತ್ತಿರುತ್ತದೆ.

ಇನ್ನೊಂದು ಪರಂಪರೆಯೂ ಇದರ ಪಕ್ಕದಲ್ಲೇ ಇದೆ, ಅದಕ್ಕೆ ಪ್ರಚಾರ ಕಡಿಮೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಜನಾಮ್ ಎಂಬ ಇಪ್ಪತ್ತರ ವಿದ್ಯಾರ್ಥಿ ಗೆಳೆಯರೊಂದಿಗೆ ಕಟ್ಟಿದ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಇವತ್ತು ನಮ್ಮ ಕಡೆಯ ಚರ್ಚುಗಳಲ್ಲೂ ಕೂಡುತ್ತದೆ. ಸಭೆಯ ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ. ಎಲ್ಲರೂ ಮುಚ್ಚಿದ ಮುಷ್ಟಿಯನ್ನು ಅದರೊಳಗೆ ಹಾಕಿ ತೆಗೆಯುತ್ತಾರೆ. ಯಾರು ನೂರು ಹಾಕಿದರು, ಯಾರ ಮುಷ್ಟಿ ಖಾಲಿಯಿತ್ತು ಎಂಬುದು ತಿಳಿಯುವುದಿಲ್ಲ. ಬಡವರ ಮನೆಗೆ ಹೋಗುವುದು ಇಬ್ಬಿಬ್ಬರಾಗಿ. ಯಾರಿಗೆ ಕೊಟ್ಟರೆಂಬ ಹೆಸರು ಹೊರಗೆ ಬರಬಾರದು. ಜಾತಿ, ಮತ ಕೇಳಬಾರದೆಂಬುದು ಸಂಸ್ಥೆಯ ಮೂಲ ನಿಯಮದಲ್ಲೇ ಇದೆ. ಒಂದು ಮಿಕ್ಸಿ ದಾನ ಮಾಡಿ ಹನ್ನೆರಡು ಮಂದಿ ಅದನ್ನು ಹಿಡಿದುಕೊಂಡು ಫೋಟೊಕ್ಕೆ ನಿಲ್ಲುವ ಕಾಲದಲ್ಲಿ ಈ ಚೀಲ ನನಗೆ ಬಹಳ ನಾಗರಿಕ ವಸ್ತುವಾಗಿ ಕಾಣುತ್ತದೆ.

ಹೀಗೆ ಹೇಳುವಾಗ ಎದುರಿಗಿರುವ ಅನುಮಾನವನ್ನು ಮುಚ್ಚಿಟ್ಟು ಹೋಗುವಂತಿಲ್ಲ. ಚರ್ಚಿನವರು ಮನೆಗೆ ಬಂದರೆಂದರೆ ಏನೋ ಉದ್ದೇಶವಿದೆ ಎನ್ನುವವರು ಹಿಂದೆಯೂ ಇದ್ದರು, ಈಗ ಹೆಚ್ಚಾಗಿದ್ದಾರೆ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ ಕಾದಂಬರಿಯಲ್ಲೇ ಇದರ ಎಳೆಯಿದೆ. ಬೇಸಾಯಕ್ಕೊಂದು ತುಂಡು ನೆಲ ಸಿಕ್ಕೀತೆಂಬ ಆಸೆಗೆ ಮತ ಬದಲಿಸಲು ಹೊರಟ ಚೋಮ, ತನ್ನ ದೈವ ಪಂಜುರ್ಲಿಯನ್ನು ಬಿಟ್ಟುಹೋಗಲಾರದೆ ಹಿಂದಿರುಗುತ್ತಾನೆ. ಆ ಪುಟಗಳು ಪಾದ್ರಿಗಳನ್ನು ಎಷ್ಟು ಪ್ರಶ್ನಿಸುತ್ತವೋ, ಚೋಮನಿಗೆ ನೆಲ ಕೊಡದ ಊರನ್ನು ಅದಕ್ಕಿಂತ ಹೆಚ್ಚು ಪ್ರಶ್ನಿಸುತ್ತವೆ. ಓದುವಾಗ ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದ ಮೇಲೆ ಜಿಲ್ಲೆಯ ಚರ್ಚುಗಳ ಗೇಟುಗಳಿಗೆ ಕ್ಯಾಮೆರಾ ಬಂತು, ಕಾವಲು ಬಂತು. ಬಾಗಿಲು ತೆರೆದಿಡಬೇಕು, ಆದರೆ ಬಾಗಿಲಿನ ಮೇಲೊಂದು ಕಣ್ಣೂ ಇಡಬೇಕು. ಇದು ಯಾವ ಫಾದರಿಗೂ ಸುಲಭದ ಲೆಕ್ಕವಲ್ಲ.

ಒಳಗಿನ ಕೊರೆಯೂ ಇದೆ. ಎಲ್ಲರಿಗೂ ಸ್ವಾಗತ ಎನ್ನುವ ಸಭೆಯೊಳಗೆ ಬಾಮಣ್, ಚಾರ್ಡಿ, ಸುದಿರ್ ಎಂಬ ಹಳೆಯ ಜಾತಿಯ ಗೆರೆಗಳು ಸಂಬಂಧ ಕೇಳುವ ಹೊತ್ತಿಗೆ ಮೆಲ್ಲನೆ ಎದ್ದು ಬರುತ್ತಿದ್ದವು. ಗುರ್ಕಾರಿಕೆಯೂ ಬಹುಕಾಲ ದೊಡ್ಡ ಮನೆಗಳ ಗಂಡಸರ ಕೈಯಲ್ಲೇ ಉಳಿದಿತ್ತು. ಈಗ ವಾಳೆಯವರು ಸೇರಿ ಆರಿಸುವ ಕ್ರಮ ಬಂದಿದೆ, ಹೆಂಗಸರೂ ಗುರ್ಕಾರರಾಗುತ್ತಿದ್ದಾರೆ. ಅಡುಗೆಮನೆಯ ಸುದ್ದಿ ಜಗಲಿಗೆ ಬರುವ ಮೊದಲೇ ಅವರಿಗೆ ತಿಳಿಯುವುದರಿಂದ ಕೆಲಸ ಬೇಗ ಆಗುತ್ತದೆ.

ಕಡಬ, ನೆಲ್ಯಾಡಿ ಕಡೆಗೆ ಹೋದರೆ ಚರ್ಚಿನ ಭಾಷೆಯೇ ಬದಲಾಗುತ್ತದೆ. ಕಳೆದ ಶತಮಾನದಲ್ಲಿ ತಿರುವಾಂಕೂರಿನಿಂದ ಬಂದು ಕಾಡಂಚಿನ ಗುಡ್ಡಗಳಲ್ಲಿ ಮರಗೆಣಸು, ರಬ್ಬರ್, ಕರಿಮೆಣಸು ಬೆಳೆದ ಸಿರಿಯನ್ ಕ್ರೈಸ್ತರದು ಮಲಯಾಳದ ಪ್ರಾರ್ಥನೆ. ಅಲ್ಲಿ ಗುರ್ಕಾರರಿಲ್ಲ, ಕೈಕ್ಕಾರರಿದ್ದಾರೆ. ಊರವರೆಲ್ಲ ಕೂಡುವ ಪಳ್ಳಿಯೋಗವಿದೆ. ಸಿರೋ ಮಲಬಾರ್ ಸಭೆಗೆ 1999ರಲ್ಲಿ ಬೆಳ್ತಂಗಡಿ, ಸಿರೋ ಮಲಂಕರ ಸಭೆಗೆ 2010ರಲ್ಲಿ ಪುತ್ತೂರು ಧರ್ಮಪ್ರಾಂತ್ಯಗಳಾದವು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರ ಸಭೆಯಲ್ಲಿ ತುಳು, ಕನ್ನಡ ಕೀರ್ತನೆಗಳು. ಅಲ್ಲಿ ಗುರ್ಕಾರರ ಜವಾಬ್ದಾರಿ ಸಭಾಹಿರಿಯರದು. ಕಥೊಲಿಕರ ಪೂಜೆ ಲ್ಯಾಟಿನಿನಿಂದ ಕೊಂಕಣಿಗೆ, ಕನ್ನಡಕ್ಕೆ ಇಳಿದದ್ದು ಎರಡನೇ ವ್ಯಾಟಿಕನ್ ಸಮ್ಮೇಳನದ (1962–65) ನಂತರ. ಅದಕ್ಕೂ ಮುಂಚೆ ಪೂಜೆಯ ಭಾಷೆ ಅರ್ಥವಾಗದ ಜನಕ್ಕೆ ಅರ್ಥವಾಗುತ್ತಿದ್ದ ಚರ್ಚೆಂದರೆ ಗುರ್ಕಾರರ ಮಾತು ಮಾತ್ರವೇನೋ.

ಕ್ರೈಸ್ತರಲ್ಲದ ನಮ್ಮಂಥವರು ಚರ್ಚಿನೊಳಗೆ ಕಾಲಿಟ್ಟದ್ದು ಹೆಚ್ಚಾಗಿ ಶಾಲೆಯ ಬಾಗಿಲಿನಿಂದ. 1958ರಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು ಪುತ್ತೂರಿನ ದರ್ಬೆಯಲ್ಲಿ ಸಂತ ಫಿಲೋಮಿನಾ ಕಾಲೇಜು ತೆರೆದಾಗ ಅದರ ಬೆಂಚುಗಳಲ್ಲಿ ಕೂತವರು ಸುಳ್ಯ, ಕಡಬ, ಸವಣೂರು ಕಡೆಯ ಎಲ್ಲ ಜಾತಿಯ ರೈತರ ಮಕ್ಕಳು. ಮಂಗಳೂರು ಐವತ್ತು ಕಿಲೋಮೀಟರ್ ಆಚೆ. ಅಲ್ಲಿ ಮಗನನ್ನು ಇಟ್ಟು ಓದಿಸಲು ಎಲ್ಲರ ಅಡಿಕೆಗೂ ಅಷ್ಟು ಕ್ರಯ ಇರಲಿಲ್ಲ. ಕಡಬದಲ್ಲಿ ಸಂತ ಜೋಕಿಮರ ಹೆಸರಿನಲ್ಲಿ, ಸುಳ್ಯದಲ್ಲಿ ಸಂತ ಬ್ರಿಜಿಡರ ಹೆಸರಿನಲ್ಲಿ ಚರ್ಚು, ಅದರ ಬದಿಯಲ್ಲೇ ಶಾಲೆ. ಈ ಶಾಲೆಗಳಲ್ಲಿ ಓದಿ ಮತ ಬದಲಿಸಿದವರನ್ನು ನಾನು ಕಂಡಿಲ್ಲ. ಅಕ್ಷರ ದುಂಡಗೆ ಬರೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ.

ಶಾಲೆಗಿಂತ ಮೊದಲ ಬಾಗಿಲು ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರಿನದು. ತುಳುವಿನಲ್ಲಿ ಕೊಂಕಣಿ ಕ್ರೈಸ್ತ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮ. ಕ್ರಿಸ್ಮಸ್ಸಿನ ಮರುದಿನ ನಮ್ಮ ಅಂಗಳಕ್ಕೆ ಬಾಯಮ್ಮನವರ ತಟ್ಟೆ ಬರುತ್ತಿತ್ತು. ಮೇಲೆ ಹೊಲಿಗೆ ಹಾಕಿದ ಕರವಸ್ತ್ರ, ಅದರಡಿ ನೆವ್ರಿ, ಕಿಡಿಯೊ, ಗುಳಿಯೊ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಕೊಕ್ಕಿಸಾಂ. ತಟ್ಟೆ ಖಾಲಿ ಹಿಂದಿರುಗಬಾರದು. ಅಮ್ಮ ಅದನ್ನು ಚೌತಿಗೋ ದೀಪಾವಳಿಗೋ ಬೇಕೆಂದು ಅಟ್ಟದಲ್ಲಿಟ್ಟು ಕಾಯದೆ, ಹಪ್ಪಳವನ್ನೋ ಬಾಳೆಹಣ್ಣನ್ನೋ ತುಂಬಿ ವಾರದೊಳಗೆ ಮರಳಿಸುತ್ತಿದ್ದರು. ಈಗ ಚರ್ಚುಗಳು ಮೈಕು ಕಟ್ಟಿ, ಅರ್ಚಕರನ್ನೂ ಮೌಲವಿಗಳನ್ನೂ ಕೂರಿಸಿ ಸೌಹಾರ್ದ ಕ್ರಿಸ್ಮಸ್ ಮಾಡುತ್ತವೆ. ಬೇಕಾದದ್ದೇ, ಬೇಡವೆನ್ನಲಾರೆ. ಭಾಷಣ ಸ್ವಲ್ಪ ಉದ್ದವಾಯಿತು ಅನ್ನಿಸಿದಾಗ ಆ ತಟ್ಟೆಯ ನೆನಪಾಗುತ್ತದೆ.

ಹೊಸ ಫಾದರ್ ಬಂದ ವರ್ಷ ಮನೆಮನೆ ಆಶೀರ್ವಾದದ ಸುತ್ತು ಇರುತ್ತದೆ. ಬೈಕಿನ ಹಿಂದೆ ಫಾದರನ್ನು ಕೂರಿಸಿಕೊಂಡು ಹೋಗುವವರು ಗುರ್ಕಾರರು. ದಾರಿಯುದ್ದಕ್ಕೂ ಪಾಠ: ಈ ಮನೆಯಲ್ಲಿ ಅಣ್ಣ ತಮ್ಮಂದಿರಿಗೆ ಮಾತಿಲ್ಲ, ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳಬೇಡಿ. ಆ ಮನೆಯ ಅಜ್ಜನಿಗೆ ಕಿವಿ ಕೇಳುವುದಿಲ್ಲ, ಆದರೆ ಪ್ರಾರ್ಥನೆ ಗಿಡ್ಡ ಮಾಡಿದರೆ ಗೊತ್ತಾಗುತ್ತದೆ. ಮುಂದಿನದು ಪೊರ್ಬುಗಳ ಮನೆಯಲ್ಲ, ಶೆಟ್ಟರದು. ಆದರೂ ಗೇಟಿನ ಹತ್ತಿರ ನಿಂತಿರುತ್ತಾರೆ, ಇಳಿದು ಒಂದು ಮಾತಾಡಿ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಾಲುಸಂಕದ ಹತ್ತಿರ ಬೈಕು ನಿಲ್ಲಿಸಿ ಗುರ್ಕಾರರು ಮೊದಲು ದಾಟುತ್ತಾರೆ. ಆಚೆಯ ಅಂಗಳದಲ್ಲಿ ನಾಯಿ ಬೊಗಳಲು ತೊಡಗಿದೆ. ನಾಯಿಯ ಹೆಸರು ಹಿಡಿದು ಎರಡು ಸಲ ಕೂಗಿದರೆ ಸಾಕು, ಅದು ಬಾಲ ಅಲ್ಲಾಡಿಸುತ್ತ ಬದಿಗೆ ಸರಿಯುತ್ತದೆ. ಒಳಗಿನಿಂದ ಯಾರೋ ಚಾಕ್ಕೆ ನೀರಿಡುತ್ತಾ ಮನೆಯವರಿಗೆ ಹೇಳುತ್ತಾರೆ: ಗುರ್ಕಾರರು ಬಂದಿದ್ದಾರೆ, ಜೊತೆಗೆ ಹೊಸ ಫಾದರೂ ಇದ್ದ ಹಾಗಿದೆ.